ಫ್ಯೂಸ್ ಹಾಗೇ ಇತ್ತು, ಕ್ಯಾಬಿನ್ ಸುಟ್ಟಿತ್ತು: ಮಲ್ಪೆಯ ಒಂದು ಸಣ್ಣ ಬೋಟಿನ ವೈರಿಂಗ್ ಪ್ರಕರಣ

ಮಲ್ಪೆ ದಕ್ಕೆಯಲ್ಲಿ (ಬೋಟ್ ನಿಲ್ಲುವ ಬಂದರು ಕಟ್ಟೆ) ಬೋಟ್ ವೈರಿಂಗ್ ಕೆಲಸ ಮಾಡ್ಲಿಕ್ಕೆ ಶುರು ಮಾಡಿ ನನಗೆ 16 ವರ್ಷ ಆಯ್ತು. ಬೋಟಿಗೆ ಬೆಂಕಿ ಹಿಡೀತು ಅಂತ ಫೋನ್ ಬಂದಾಗಲೆಲ್ಲ ಆಚೆ ಕಡೆಯಿಂದ ಬರುವ ಮಾತು ಒಂದೇ, "ಶಾರ್ಟ್ ಸರ್ಕ್ಯೂಟ್ ಮಾರಾಯ". ಆ ಶಬ್ದ ಬಂದ ಮೇಲೆ ಮತ್ತೆ ಯಾರೂ ಎಂತದ್ದೂ ಕೇಳುವುದಿಲ್ಲ, ಸುಟ್ಟ ವೈರ್ ಕತ್ತರಿಸಿ ಹೊಸ ತುಂಡು ಸೇರಿಸಿ ಟೇಪ್ ಸುತ್ತಿ ಮರುದಿನ ಬೋಟ್ ಕಡಲಿಗೆ. ಇಲ್ಲಿ ಒಂದೇ ಬೋಟಿನ ವಿಷಯ ಪೂರ್ತಿ ಬರೀತೇನೆ, ಯಾಕಂದ್ರೆ ಆ ಬೋಟಿನಲ್ಲಿ ಶಾರ್ಟ್, ಅಂದ್ರೆ ಪ್ಲಸ್ ಮೈನಸ್ ನೇರ ತಾಗುವುದು, ಆಗಿರ್ಲೇ ಇಲ್ಲ. ಫ್ಯೂಸ್ ಗಟ್ಟಿಯಾಗಿ ಕೂತಿತ್ತು, ಆದ್ರೂ ಕ್ಯಾಬಿನ್ ಹೊತ್ತಿಕೊಂಡಿತ್ತು. ಮಾಲಕರು ಬರಿ ಅಂತ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಬೋಟು 38 ಅಡಿ, ಮರದ್ದು, ಮೇಲೆ ಫೈಬರ್ ಹೊದಿಕೆ. ಬೆಳಗಿನ ಜಾವ ಹೋಗಿ ಸಂಜೆಗೆ ಬರುವ ಸಣ್ಣ ಟ್ರಾಲ್ ಬೋಟು, ಬೋಟ್ ನಡೆಸುವ ತಾಂಡೇಲರು ಮತ್ತೆ ಕೆಲಸದ ನಾಲ್ಕು ಜನ ಕಲಾಸಿಗಳು. ಎಂಜಿನ್ ಪಕ್ಕದಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್ ಮಾಡಿ 24 ವೋಲ್ಟ್, ಅಲ್ಲಿಂದ ಸಾಧಾರಣ 7 ಮೀಟರ್ ದೂರದಲ್ಲಿ ಕ್ಯಾಬಿನ್, ಕ್ಯಾಬಿನ್ನಿನ ಪ್ಲೈವುಡ್ ಗೋಡೆಯ ಹಿಂದೆ ಎಂಟು ಫ್ಯೂಸಿನ ಬಾಕ್ಸ್. ಬೋಟ್ ಕಟ್ಟಿದಾಗ ಲೋಡ್ ಅಂತ ಇದ್ದದ್ದು ನ್ಯಾವಿಗೇಶನ್ ಲೈಟ್, ವಿಎಚ್‌ಎಫ್ ರೇಡಿಯೋ ಸೆಟ್ಟು, ಜಿಪಿಎಸ್, ಅಡಿಯ ನೀರು ತೆಗೆಯುವ ಒಂದು ಪಂಪ್, ಇಷ್ಟೇ. ಅದಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಮತ್ತು 15 ಆಂಪ್ ಫ್ಯೂಸ್ ಸಾಕಾಗಿತ್ತು, ಕಟ್ಟಿದವನದ್ದು ದೊಡ್ಡ ತಪ್ಪು ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಮತ್ತೆ ನಾಲ್ಕು ವರ್ಷದಲ್ಲಿ ಒಂದೊಂದೇ ಬಂತು. ಫಿಶ್ ಫೈಂಡರ್ ಬಂತು, ಬಲೆ ಎಳೆಯುವಾಗ ಡೆಕ್ ಕಾಣ್ಬೇಕು ಅಂತ 50 ವ್ಯಾಟಿನ ನಾಲ್ಕು ಎಲ್ಇಡಿ ಫ್ಲಡ್ ಲೈಟ್ ಬಂತು, ಎರಡನೇ ಪಂಪ್ ಬಂತು, ಮೊಬೈಲ್ ಚಾರ್ಜ್ ಮಾಡ್ಲಿಕ್ಕೆ ಫ್ಯಾನ್ ತಿರುಗಿಸ್ಲಿಕ್ಕೆ ಒಂದು ಸಣ್ಣ ಇನ್ವರ್ಟರ್ ಬಂತು, ಹಾಡು ಕೇಳ್ಲಿಕ್ಕೆ ಸ್ಪೀಕರ್. ಬೇಡ ಅನ್ನುವಂಥದ್ದು ಇದರಲ್ಲಿ ಯಾವುದೂ ಇಲ್ಲ. ಆದ್ರೆ ಎಲ್ಲದಕ್ಕೂ ಕರೆಂಟ್ ಹೋಗಿದ್ದು ಅದೇ ಹಳೇ ವೈರಿನಲ್ಲಿ. 15ರ ಫ್ಯೂಸ್ ಹೋಗ್ಲಿಕ್ಕೆ ಶುರು ಆದಾಗ ಯಾರೋ 30ರದ್ದು ಹಾಕಿದ್ರು, ಫ್ಯೂಸ್ ಹೋಗುವುದು ನಿಂತಿತು, ಎಲ್ಲರಿಗೂ ಸಮಾಧಾನ ಆಯ್ತು. ನಡುವೆ ಒಂದು ಸಲ ಎಂಜಿನ್ ರಿಪೇರಿಗೆ ಅಂತ ಆ ವೈರನ್ನು ಪ್ಲಸ್ ಮೈನಸ್ ಎರಡನ್ನೂ ಕ್ಯಾಬಿನ್ ಗೋಡೆ ಹತ್ತಿರ ಕತ್ತರಿಸಿ, ಕೆಲಸ ಮುಗಿದ ಮೇಲೆ ಕೈಯಲ್ಲೇ ತಿರುಚಿ ಕರಿ ಟೇಪ್ ಸುತ್ತಿ ಸೇರಿಸಿದ್ರು. ಈ ಎರಡು ಜಾಯಿಂಟ್ ನೆನಪಿಟ್ಕೊಳ್ಳಿ.

ಸೆಪ್ಟೆಂಬರಿನ ಒಂದು ಬೆಳಗಿನ ಜಾವ ನಾಲ್ಕು ಗಂಟೆ ಹೊತ್ತಿಗೆ ಅಳಿವೆ ದಾಟಿ ಒಂದು ಗಂಟೆ ಹೋಗಿರ್ಬಹುದು, ಡೆಕ್ಕಿನ ನಾಲ್ಕೂ ಲೈಟ್ ಉರೀತಾ ಇತ್ತು, ಪಂಪ್ ಓಡ್ತಾ ಇತ್ತು, ಕ್ಯಾಬಿನ್ ಒಳಗೆ ಮಲಗಿದ್ದ ಹುಡುಗ ಕೆಮ್ಮಿ ಎದ್ದು ಬೊಬ್ಬೆ ಹಾಕಿದ. ಪ್ಲೈವುಡ್ ಸಂದಿಯಿಂದ ಕರಿ ಹೊಗೆ. ತಾಂಡೇಲರು ಓಡಿ ಹೋಗಿ ಬ್ಯಾಟರಿ ಟರ್ಮಿನಲ್ ತೆಗೆದ್ರು, ಮೇನ್ ಸ್ವಿಚ್ ಇಲ್ಲ, ಸ್ಪ್ಯಾನರ್ ಹಾಕಿಯೇ ಬಿಚ್ಚಬೇಕು, ಕತ್ತಲಲ್ಲಿ ಸ್ಪ್ಯಾನರ್ ಎಲ್ಲೋ ತಾಗಿ ಕಿಡಿ ಹಾರಿ ಅವರ ಹೆಬ್ಬೆರಳು ಸುಟ್ಟಿತು, ಆದ್ರೂ ಬಿಚ್ಚಿದ್ರು. ಬ್ಯಾಟರಿ ಬಿಚ್ಚಿದ ಮೇಲೂ ಲೈಟ್ ಉರೀತಾನೇ ಇತ್ತು. ಹೊಗೆ ಬರ್ತಾನೇ ಇತ್ತು.

ಅವರಿಗೆ ಅದೇ ಅರ್ಥ ಆಗ್ಲಿಲ್ಲ, ನನ್ನ ಹತ್ತಿರ ಎರಡೆರಡು ಸಲ ಹೇಳಿದ್ರು, "ಬ್ಯಾಟರಿ ತೆಗ್ದಿದ್ದೇನೆ ಅಣ್ಣ, ಮತ್ತೆ ಕರೆಂಟ್ ಎಲ್ಲಿಂದ?" ಎಂಜಿನ್ನಿಂದ. ಎಂಜಿನ್ ಓಡ್ತಾ ಇರುವಷ್ಟು ಹೊತ್ತು ಆಲ್ಟರ್ನೇಟರ್ ಕರೆಂಟ್ ಮಾಡ್ತಾನೇ ಇರ್ತದೆ, ಬ್ಯಾಟರಿ ಇಲ್ಲದಿದ್ರೆ ಅದು ಇನ್ನೂ ಹುಚ್ಚಾಟ ಆಡ್ತದೆ, ವೋಲ್ಟೇಜ್ ಒಮ್ಮೆಲೇ ಮೇಲೆ ಹಾರ್ತದೆ. ಬೆಂಕಿ ಮುಟ್ಟದ ಜಿಪಿಎಸ್ಸು, ವಿಎಚ್‌ಎಫ್ಪು ಎರಡೂ ಆ ಹೊತ್ತಿಗೇ ಸತ್ತಿದ್ದು. ಅಂದ್ರೆ ಕರೆದು ಹೇಳ್ಲಿಕ್ಕೆ ಇದ್ದ ರೇಡಿಯೋ ಕೂಡ ಹೋಯ್ತು. ಕೊನೆಗೆ ಒಬ್ಬ ಕಲಾಸಿ ಎಂಜಿನ್ನಿನ ಸ್ಟಾಪ್ ಕೇಬಲ್ ಎಳೆದ, ಆಗ ಎಲ್ಲ ಕತ್ತಲೆ ಆಯ್ತು. ಮೊದಲು ಎಂಜಿನ್ ನಿಲ್ಲಿಸಿ ಮತ್ತೆ ಬ್ಯಾಟರಿ, ಈ ಕ್ರಮ ಬಾಯಿಪಾಠ ಇರ್ಬೇಕು.

ಬೆಂಕಿ ಆರಿಸುವ ಸಿಲಿಂಡರ್ ಒಂದು ಇತ್ತು, ಡ್ರೈ ಪೌಡರಿನದ್ದು. ಮುಳ್ಳು ಕೆಂಪಿನಲ್ಲಿ ನಿಂತಿತ್ತು, ಒತ್ತಿದ್ರೆ ಉಸಿರು ಬಿಟ್ಟ ಹಾಗೆ ಚೂರು ಗಾಳಿ ಬಂತು, ಪೌಡರ್ ಬರ್ಲಿಲ್ಲ. ಅವರನ್ನು ಕಾಪಾಡಿದ್ದು ಐಸ್. ಮೀನಿಗೆ ಅಂತ ಪುಡಿ ಮಾಡಿ ತುಂಬಿಸಿದ ಐಸನ್ನು ಸಲಿಕೆಯಲ್ಲಿ ತಂದು ತಂದು ಗೋಡೆ ಹಿಂದೆ ಸುರಿದ್ರು, ಒದ್ದೆ ಗೋಣಿ ಒತ್ತಿ ಹಿಡಿದ್ರು. ಎಂಜಿನ್ ನಿಂತ ಮೇಲೆ ಸುರಿದದ್ದು ಅಂತ ಇನ್ವರ್ಟರಿನ 230 ವೋಲ್ಟಿನ ಭಯವೂ ಇರ್ಲಿಲ್ಲ. ಬೆಂಕಿ ಫೈಬರಿಗೆ ಹಿಡಿಯುವ ಮೊದಲೇ ಆರಿತು, ಅದು ದೇವರ ದಯೆ ಅಂತಲೇ ನಾನು ಹೇಳುವುದು, ಯಾಕಂದ್ರೆ ಫೈಬರಿನ ರೆಸಿನ್ ಒಮ್ಮೆ ಹಿಡೀತು ಅಂದ್ರೆ ಆ ದಪ್ಪ ಕರಿ ಹೊಗೆಯಲ್ಲಿ ಕ್ಯಾಬಿನ್ ಒಳಗೆ ನಿಲ್ಲುವ ಮಾತೇ ಇಲ್ಲ. ಸ್ಟಾರ್ಟರಿನ ದಪ್ಪ ಕೇಬಲ್ ಒಂದನ್ನೇ ವಾಪಸ್ ಕಟ್ಟಿ ಎಂಜಿನ್ ಶುರು ಮಾಡಿ ಬೆಳಕು ಹರಿಯುವಾಗ ದಕ್ಕೆಗೆ ತಂದ್ರು.

ನಾನು ಹೋದಾಗ ಎಂಟು ಗಂಟೆ. ಪ್ಲೈವುಡ್ ತೆಗೆದು ನೋಡಿದ್ರೆ ಎರಡು ಗೇಣಿನಷ್ಟು ಜಾಗ ಇದ್ದಿಲು, ಅದರ ನಡುವೆ ಪ್ಲಸ್ ವೈರಿನ ತುದಿ ಎರಡು, ನಡುವಿನ ಜಾಯಿಂಟ್ ಇಲ್ಲವೇ ಇಲ್ಲ. ಕೆಳಗೆ ಬಿದ್ದಿದ್ದ ಬಲೆ ಹೊಲಿಯುವ ನೂಲಿನ ಉಂಡೆ, ಒಂದು ಬೈರಾಸ (ಟವೆಲ್), ಎರಡೂ ಅರ್ಧ ಸುಟ್ಟಿತ್ತು. ಮಾಲಕರು ಪಕ್ಕದಲ್ಲಿ ನಿಂತು "ಶಾರ್ಟ್ ಅಲ್ವಾ?" ಅಂದ್ರು. ನಾನು ಫ್ಯೂಸ್ ಕಿತ್ತು ಅವರ ಅಂಗೈ ಮೇಲೆ ಇಟ್ಟೆ. 30 ಆಂಪ್, ಒಳಗಿನ ತಂತಿ ಗಟ್ಟಿಯಾಗಿ ಹಾಗೇ ಇತ್ತು. ಫ್ಯೂಸ್ ದಾಟಿದ ಮೇಲೆ ಶಾರ್ಟ್ ಆಗಿದ್ರೆ ಲಾರಿ ಬ್ಯಾಟರಿಯಿಂದ ನೂರಾರು ಆಂಪ್ ನುಗ್ಗಿ ಈ ಫ್ಯೂಸ್ ಕಣ್ಣು ಮಿಟುಕಿಸುವುದರೊಳಗೆ ಹೋಗ್ತಿತ್ತು, ಫ್ಯೂಸಿಗಿಂತ ಮೊದಲು ಆಗಿದ್ರೆ ಬ್ಯಾಟರಿಯಿಂದ ಬರುವ ವೈರ್ ಉದ್ದಕ್ಕೂ ಕರಗ್ತಿತ್ತು, ಇಲ್ಲಿ ಸುಟ್ಟದ್ದು ಜಾಯಿಂಟಿನ ಜಾಗ ಮಾತ್ರ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ಬೇಕು. ಫ್ಯೂಸ್ ನೋಡುವುದು ಎಷ್ಟು ಆಂಪ್ ಹೋಗ್ತಾ ಉಂಟು ಅಂತ ಮಾತ್ರ. ಆ ದಿನ ಎಲ್ಲ ಲೋಡ್ ಸೇರಿ ಹೋಗ್ತಾ ಇದ್ದದ್ದು ಸಾಧಾರಣ 19-20 ಆಂಪ್, 30ರ ಫ್ಯೂಸಿಗೆ ಅದು ಏನೂ ಅಲ್ಲ. ಆದ್ರೆ ಆ 20 ಆಂಪ್ ಒಂದು ಕೆಟ್ಟ ಜಾಯಿಂಟ್ ದಾಟಿ ಹೋಗ್ಬೇಕಾದ್ರೆ ಆ ಜಾಗ ಒಂದೇ ಬಿಸಿ ಆಗ್ತದೆ, ಬಿಸಿ ಎಷ್ಟು ಅಂದ್ರೆ ಆಂಪನ್ನು ಆಂಪಿನಿಂದಲೇ ಗುಣಿಸಿ ಮತ್ತೆ ಆ ಜಾಯಿಂಟಿನ ತಡೆಯ (ರೆಸಿಸ್ಟೆನ್ಸ್) ಓಮ್‌ನಿಂದ ಗುಣಿಸಿದಷ್ಟು ವ್ಯಾಟ್. ಲೋಡ್ ಡಬಲ್ ಆದ್ರೆ ಬಿಸಿ ನಾಲ್ಕು ಪಟ್ಟು. ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ, 30ರ ಬದಲು 20ರದ್ದು ಹಾಕಿದ್ರೂ ಗೊತ್ತಾಗುವುದಿಲ್ಲ.

ಸುಟ್ಟ ಜಾಯಿಂಟ್ ಅಳೆಯಲಿಕ್ಕೆ ಉಳಿದಿರ್ಲಿಲ್ಲ. ಆದ್ರೆ ಮೈನಸ್ ವೈರಿನ ಜಾಯಿಂಟ್ ಉಳಿದಿತ್ತು, ಅದೇ ದಿನ ಅದೇ ಕೈ ಅದೇ ಟೇಪಿನಲ್ಲಿ ಮಾಡಿದ್ದು. ಪ್ಲಸ್ ಕಡೆಗೆ ಬೇರೆ ದಪ್ಪ ವೈರ್ ಹಾಕಿ ಎರಡು ಲೈಟು, ಎರಡೂ ಪಂಪು ಆನ್ ಮಾಡಿದೆ. ಕ್ಲ್ಯಾಂಪ್ ಮೀಟರಿನಲ್ಲಿ 11 ಆಂಪ್. ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಆ ಜಾಯಿಂಟಿನ ಆಚೆ ಈಚೆ ಚುಚ್ಚಿದೆ. 1.05 ವೋಲ್ಟ್. ಒಳ್ಳೆ ಜಾಯಿಂಟಿನಲ್ಲಿ ಅಲ್ಲಿ 0.05 ಕೂಡ ಬರ್ಬಾರದು. ಅಂದ್ರೆ ಸಾಧಾರಣ 0.095 ಓಮ್, 11 ಆಂಪಿಗೆ 11 ವ್ಯಾಟ್ ಚಿಲ್ಲರೆ, 20 ಆಂಪಿಗೆ 38 ವ್ಯಾಟ್. ನಾನು ದಿನಾ ಸೀಸ ಕರಗಿಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಅದನ್ನು ಮಾಲಕರ ಮುಂದೆ ಇಟ್ಟು, ಇದನ್ನು ಆನ್ ಮಾಡಿ ಟೇಪ್ ಸುತ್ತಿ ಪ್ಲೈವುಡ್ ಹಿಂದೆ ಬೈರಾಸದ ಮೇಲೆ ಇಟ್ಟು ನೀವು ಮನೆಗೆ ಹೋಗ್ತೀರಾ ಅಂತ ಕೇಳಿದೆ. ಅವರು ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ಆ ಜಾಯಿಂಟನ್ನೇ ನೋಡ್ತಾ ನಿಂತ್ರು.

ಟೇಪ್ ಬಿಚ್ಚಿದೆ. ಅಂಟು ಕರಗಿ ಟಾರಿನ ಹಾಗೆ ಕೈಗೆ ಹಿಡೀತು. ಒಳಗೆ ತಾಮ್ರ ಕಾಣುವುದೇ ಇಲ್ಲ, ಹೊರಗಿನ ಎಳೆಗಳೆಲ್ಲ ಹಸಿರು, ಒಳಗಿನದ್ದು ಕಪ್ಪು ಪುಡಿ, ಅಟ್ಟದ ಮೇಲೆ ಬಿಟ್ಟ ತಾಮ್ರದ ಹಂಡೆಗೆ ಕಿಲುಬು ಹಿಡಿದ ಹಾಗೆ. ಬೆರಳಲ್ಲಿ ಉಜ್ಜಿದ್ರೆ ಅರ್ಧ ಎಳೆಗಳು ಮುರಿದು ಬಿದ್ದವು. ಜಾಯಿಂಟಿನಿಂದ ದೂರಕ್ಕೆ ಪ್ಲಾಸ್ಟಿಕ್ ಸಿಪ್ಪೆ ಸುಲಿದು ನೋಡಿದೆ, ಒಂದು ಗೇಣು ಒಳಗೂ ಹಸಿರು. ಉಪ್ಪು ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಏರ್ತದೆ, ಹೊರಗಿನಿಂದ ವೈರ್ ಹೊಸದರ ಹಾಗೆ ಕಾಣ್ತದೆ, ಒಳಗೆ ತಿಂದು ಮುಗಿಸಿರ್ತದೆ. ಮನೆಗೆ ಹಾಕುವ ವೈರ್ ಮನೆಗೆ ಒಳ್ಳೇದು, ಬೋಟಿಗೆ ಬೇಕಾದದ್ದು ಕಲಾಯಿ ಹಾಕಿದ ತಾಮ್ರದ ವೈರ್, ಪ್ರತಿ ಎಳೆಗೂ ತವರದ ಲೇಪ ಇರುವಂಥದ್ದು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡ್ಬಾರದು ಅಂತ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು, ಇದೂ ಅದೇ ವಿಷಯ.

ಮೇಲೆ ಎಂಜಿನ್ನಿನ ನಡುಕ. ಕೈಯಲ್ಲಿ ತಿರುಚಿದ ಜಾಯಿಂಟ್ ಗಂಟೆಗಟ್ಟಲೆ ನಡುಗಿ ನಡುಗಿ ಸಡಿಲ ಆಗ್ತದೆ, ಸಡಿಲ ಆದಲ್ಲಿ ಬಿಸಿ, ಬಿಸಿ ಆದಲ್ಲಿ ಇನ್ನಷ್ಟು ಕಪ್ಪು, ಕಪ್ಪಾದಷ್ಟು ಇನ್ನೂ ಬಿಸಿ. ಇನ್ವರ್ಟರು ಮತ್ತು ಈಗಿನ ಒಳ್ಳೆ ಎಲ್ಇಡಿ ಡ್ರೈವರುಗಳು ಇನ್ನೊಂದು ಕೆಲಸ ಮಾಡ್ತವೆ, ವೋಲ್ಟೇಜ್ ಇಳಿದ್ರೆ ತಮ್ಮ ವ್ಯಾಟ್ ಸರಿ ಮಾಡ್ಲಿಕ್ಕೆ ಆಂಪ್ ಜಾಸ್ತಿ ಎಳೀತವೆ. ಜಾಯಿಂಟ್ ಹಾಳಾದಷ್ಟೂ ಕರೆಂಟ್ ಹೆಚ್ಚು, ಕರೆಂಟ್ ಹೆಚ್ಚಾದಷ್ಟೂ ಜಾಯಿಂಟ್ ಹಾಳು. ಹಳೇ ಕಾಲದ ಬಲ್ಬಿನಲ್ಲಿ ಈ ತೊಂದರೆ ಇರ್ಲಿಲ್ಲ, ಅದು ಮಂಕಾಗಿ ಸುಮ್ಮನಾಗ್ತಿತ್ತು.

ಮುನ್ಸೂಚನೆ ಇರ್ಲಿಲ್ವಾ ಅಂದ್ರೆ ಇತ್ತು. ಪಂಪ್ ಶುರು ಆದಾಗಲೆಲ್ಲ ಕ್ಯಾಬಿನ್ ಲೈಟ್ ಮಂಕಾಗ್ತಾ ಇತ್ತು, ಎರಡು ವಾರದಿಂದ, ಎಲ್ಲರೂ ನೋಡಿದ್ದಾರೆ. ಬ್ಯಾಟರಿ ವೀಕ್ ಅಂತ ಮಾತಾಡಿಕೊಂಡಿದ್ದಾರೆ. ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ 27 ವೋಲ್ಟ್ ಚಿಲ್ಲರೆ ಇದ್ರೆ ಕ್ಯಾಬಿನ್ನಿನಲ್ಲಿ ಜಿಪಿಎಸ್ ತೋರಿಸ್ತಾ ಇದ್ದದ್ದು 22ರ ಆಸುಪಾಸು, ಆ 5 ವೋಲ್ಟ್ ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳ್ಲಿಲ್ಲ, ಅದು ದಾರಿಯಲ್ಲಿ ಬಿಸಿ ಆಗಿ ಹೋಗ್ತಾ ಇತ್ತು. ಇನ್ನೊಂದು, ಆ ಮಲಗಿದ್ದ ಹುಡುಗ ಹೇಳಿದ, ಎರಡು ದಿನದಿಂದ ತಲೆ ಹತ್ತಿರ ಕೊಳೆತ ಮೀನಿನ ವಾಸನೆ ಬರ್ತಾ ಇತ್ತಂತೆ. ಕೆಲವು ಜಾತಿಯ ಪ್ಲಾಸ್ಟಿಕ್ ಅತಿ ಬಿಸಿ ಆದ್ರೆ ಹಳಸಿದ ಮೀನಿನ ಹಾಗೆಯೇ ನಾರ್ತದೆ. ಮನೆಯಲ್ಲಾದ್ರೆ ಯಾರಾದ್ರೂ ಹುಡುಕ್ತಾರೆ, ಮೀನಿನ ಬೋಟಿನಲ್ಲಿ ಯಾರು ಹುಡುಕ್ತಾರೆ ಹೇಳಿ. ಆದ್ದರಿಂದ ನಾನು ಈಗ ಎಲ್ಲ ತಾಂಡೇಲರಿಗೂ ಹೇಳುವುದು, ಐಸ್ ಪೆಟ್ಟಿಗೆಯಿಂದ ದೂರ, ಸ್ವಿಚ್ ಬೋರ್ಡ್ ಹತ್ತಿರ ಮೀನು ನಾರಿದ್ರೆ ಪ್ಲೈವುಡ್ ತೆಗೆದು ನೋಡಿ.

ಮಾಲಕರಿಗೆ ಮೊದಲು ಇದ್ದದ್ದು ಸುಟ್ಟಲ್ಲಿ ಮಾತ್ರ ಹೊಸ ತುಂಡು ಹಾಕಿಸುವ ಮನಸ್ಸು. ನನಗೆ ಅವರ ಮೇಲೆ ಸಿಟ್ಟು ಬರ್ಲಿಲ್ಲ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟ್ ಕಟ್ಟಿ ಕೂತು ಈಗಷ್ಟೇ ಸೀಸನ್ ಶುರು ಆಗಿದೆ, ಒಂದೊಂದು ದಿನವೂ ಲೆಕ್ಕ. ಆದ್ರೆ ತುಂಡು ಹಾಕುವುದು ಅಂದ್ರೆ ಹಳೇ ಕಿಲುಬಿನ ಎರಡು ತುದಿಗೆ ಇನ್ನೆರಡು ಜಾಯಿಂಟ್ ಹಾಕುವುದು, ನಾನು ಅದಕ್ಕೆ ಕೈ ಹಾಕುವುದಿಲ್ಲ ಅಂದೆ. ಮೂರು ದಿನ ಕೇಳಿದೆ. ತಾಂಡೇಲರು ಸುಟ್ಟ ಹೆಬ್ಬೆರಳಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ರು, ಅವರೇ ಹೇಳಿದ್ರು, "ಮೂರಲ್ಲ ನಾಲ್ಕು ದಿನ ಆಗ್ಲಿ, ಸರಿ ಮಾಡಿ ಕೊಡಿ."

ಮಾಡಿದ್ದು ಹೀಗೆ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 40 ಆಂಪಿನ ಫ್ಯೂಸ್, ಅಮೆರಿಕದ ಎಬಿವೈಸಿ ಬೋಟ್ ನಿಯಮ 7 ಇಂಚಿನೊಳಗೆ ಅಂತ ಹೇಳ್ತದೆ, ಕಾರಣ ಇಷ್ಟೇ, ಫ್ಯೂಸಿಗಿಂತ ಮೊದಲು ಇರುವ ವೈರಿಗೆ ಯಾರ ಕಾವಲೂ ಇಲ್ಲ. ಈ ಬೋಟಿನಲ್ಲಿ ಫ್ಯೂಸ್ ಇದ್ದದ್ದು ಕ್ಯಾಬಿನ್ನಿನಲ್ಲಿ, ಎಂಜಿನ್ ರೂಮಿನಿಂದ ಬರುವ 7 ಮೀಟರ್ ವೈರು ಎಲ್ಲಿ ಉಜ್ಜಿ ಶಾರ್ಟ್ ಆಗಿದ್ರೂ ಬ್ಯಾಟರಿ ಪೂರ್ತಿ ಅದರೊಳಗೆ ಸುರಿದು ಬಿಡ್ತಿತ್ತು, ಇವತ್ತಲ್ಲ ನಾಳೆ ಅದೂ ಆಗುವುದಿತ್ತು. ಫ್ಯೂಸಿನ ನಂತರ ಮೇನ್ ಸ್ವಿಚ್, ಎಂಜಿನ್ ರೂಮಿನ ಒಳಗಲ್ಲ, ಬಾಗಿಲಿನ ಹೊರಗೆ ಕೈಗೆ ಸಿಗುವ ಹಾಗೆ, ಯಾಕಂದ್ರೆ ಹೊಗೆ ತುಂಬಿದ ಗೂಡಿಗೆ ಇಳಿದು ಸ್ವಿಚ್ ತೆಗೀರಿ ಅಂತ ಯಾರಿಗೂ ಹೇಳ್ಬಾರದು. ಸ್ವಿಚ್ಚಿನ ಕೆಳಗೆ ಕೆಂಪು ಪೇಂಟಿನಲ್ಲಿ ಬರೆದೆ, ಮೊದಲು ಎಂಜಿನ್ ಬಂದ್, ಮತ್ತೆ ಇದು.

ಕ್ಯಾಬಿನ್ನಿಗೆ ಕಲಾಯಿ ತಾಮ್ರದ 10 ಸ್ಕ್ವೇರ್ ಎಂಎಂ, ನಡುವೆ ಒಂದೂ ಜಾಯಿಂಟ್ ಇಲ್ಲದೆ. ಹೋಗಿ ಬರುವ 14 ಮೀಟರಿಗೆ 20 ಆಂಪ್ ಹಾಕಿದ್ರೆ ಅದರಲ್ಲಿ ಇಳಿಯುವುದು ಅರ್ಧ ವೋಲ್ಟ್ ಚಿಲ್ಲರೆ, 24ರಲ್ಲಿ ಶೇಕಡಾ 3ರೊಳಗೆ. ಹಳೇ 2.5ರದ್ದು ಜಾಯಿಂಟ್ ಚೆನ್ನಾಗಿದ್ದಾಗಲೂ 2 ವೋಲ್ಟ್ ತಿಂತಾ ಇತ್ತು. ಕ್ಯಾಬಿನ್ನಿನಲ್ಲಿ ಬಸ್ ಬಾರ್, ಅಂದ್ರೆ ಎಲ್ಲ ವೈರ್ ಬಂದು ಸೇರುವ ಲೋಹದ ಪಟ್ಟಿ, ಅಲ್ಲಿಂದ ಪ್ರತಿ ಸಾಮಾನಿಗೂ ಬೇರೆ ವೈರ್, ಬೇರೆ ಫ್ಯೂಸ್, ಆ ವೈರ್ ತಾಳುವಷ್ಟೇ ಆಂಪಿನದ್ದು. ಇನ್ವರ್ಟರಿಗೆ ಬೇರೆಯೇ ಲೈನ್. ತುದಿಗಳಿಗೆಲ್ಲ ಲಗ್ (ಬೋಲ್ಟಿಗೆ ಕೂರುವ ಲೋಹದ ತುದಿ) ಹಾಕಿ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದ್ದು, ಅಂಟು ತುದಿಯಿಂದ ಚೂರು ಹೊರಗೆ ಬಂದ್ರೆ ಮಾತ್ರ ಪಾಸ್. ಬರೀ ಸೋಲ್ಡರ್ ಮಾಡಿದ್ರೆ ಸಾಲದಾ ಅಂತ ಕೇಳ್ತಾರೆ, ಸಾಲದು, ಸೀಸ ಏರಿದಷ್ಟು ದೂರ ವೈರ್ ಕಡ್ಡಿಯ ಹಾಗೆ ಗಟ್ಟಿ ಆಗ್ತದೆ, ಎಂಜಿನ್ ನಡುಕಕ್ಕೆ ಅದರ ಅಂಚಿನಲ್ಲೇ ಮುರೀತದೆ. ಗೋಡೆ ತೂತುಗಳಿಗೆ ರಬ್ಬರ್ ಬುಷ್, ವೈರೆಲ್ಲ ಅಡಿಯ ನೀರಿಗಿಂತ ಮೇಲೆ.

ಸ್ಟಾರ್ಟರ್ ಕೇಬಲಿಗೆ ಫ್ಯೂಸ್ ಹಾಕುವ ಪದ್ಧತಿ ಇಲ್ಲ, ಅಷ್ಟು ಕರೆಂಟ್ ಎಳೀತದೆ ಅದು. ಹಾಗಾಗಿ ಅದಕ್ಕೆ ದಪ್ಪ ಹೋಸ್ ಪೈಪ್ ತೊಡಿಸಿ ಎಲ್ಲೂ ಲೋಹಕ್ಕೆ ಉಜ್ಜದ ಹಾಗೆ ಕಟ್ಟಿದೆ. ಬ್ಯಾಟರಿಗೆ ಮುಚ್ಚಳದ ಪೆಟ್ಟಿಗೆ, ಮೇಲ್ಗಡೆ ಗಾಳಿ ತೂತು, ಚಾರ್ಜ್ ಆಗುವಾಗ ಹೈಡ್ರೋಜನ್ ಬರ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಸೇರಿದ್ರೆ ಸಾಕು ಕಿಡಿಗೆ ಸಿಡೀಲಿಕ್ಕೆ. ಪೆಟ್ರೋಲ್ ಎಂಜಿನ್ ಹಾಕಿದ ನಾಡದೋಣಿಯವರಿಗೆ ಒಂದು ಮಾತು ಇಲ್ಲೇ ಹೇಳಿ ಬಿಡ್ತೇನೆ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ಅಡಿಯಲ್ಲೇ ಕೂತಿರ್ತದೆ, ಕಿಡಿ ಹಾರುವ ಸ್ವಿಚ್ಚು, ಪಂಪಿನ ಜಾಯಿಂಟು ಪೆಟ್ರೋಲ್ ಕ್ಯಾನಿನ ಹತ್ತಿರ ಕೆಳಗೆ ಇಡ್ಲೇಬೇಡಿ.

ಸಾಮಾನು, ಕೂಲಿ ಸೇರಿ 31 ಸಾವಿರ ಆಯ್ತು, ಹಾಳಾದ ಜಿಪಿಎಸ್ಸು, ವಿಎಚ್‌ಎಫ್ಪು ಬೇರೆ. ಹೊಸ ಸಿಲಿಂಡರ್ ಎರಡು ತರಿಸಿದೆ, ಒಂದು ಕ್ಯಾಬಿನ್ ಬಾಗಿಲಿನಲ್ಲಿ ಒಂದು ಡೆಕ್ಕಿನಲ್ಲಿ, ತಿಂಗಳಿಗೊಮ್ಮೆ ಮುಳ್ಳು ನೋಡಿ ತಲೆಕೆಳಗೆ ಮಾಡಿ ಕುಲುಕಿ ಇಡ್ಬೇಕು ಅಂತ ಹೇಳಿದೆ, ಇಲ್ಲದಿದ್ರೆ ಪೌಡರ್ ಸಿಮೆಂಟಿನ ಹಾಗೆ ಕೂರ್ತದೆ.

ದಕ್ಕೆಯಲ್ಲಿ ಕೆಲಸ ಮಾಡುವಾಗ ಪಕ್ಕದ ಬೋಟಿನವರು ಬಂದು, ಇಷ್ಟು ಯಾಕೆ ಅಂತ ಕೇಳಿದ್ರು. ನಾನು ಕೈ ತೋರಿಸಿದೆ, ಆಚೆ ಈಚೆ ಒಂದಕ್ಕೊಂದು ತಾಗಿ ಕಟ್ಟಿದ ಬೋಟುಗಳು. 2023ರ ನವೆಂಬರಿನಲ್ಲಿ ದೀಪಾವಳಿ ಹೊತ್ತಿಗೆ ಗಂಗೊಳ್ಳಿಯಲ್ಲಿ ಬೋಟುಗಳು ಸಾಲಾಗಿ ಸುಟ್ಟದ್ದು, ಅದೇ ತಿಂಗಳು ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಒಂದೇ ರಾತ್ರಿ ಹತ್ತಾರು ಬೋಟ್ ಹೋದದ್ದು ನಮಗೆಲ್ಲ ನೆನಪುಂಟು. ಅವು ವೈರಿಂಗ್‌ನಿಂದ ಅಂತ ನಾನು ಹೇಳ್ತಾ ಇಲ್ಲ. ಒಂದು ಬೋಟಿಗೆ ಹಿಡಿದ್ರೆ ಅದು ಆ ಬೋಟಿನ ಮಾಲಕರ ವಿಷಯ ಮಾತ್ರ ಅಲ್ಲ ಅಂತ ಅಷ್ಟೇ. ಕಟ್ಟಿದ ಬೋಟಿನಲ್ಲಿ ಮೇನ್ ಸ್ವಿಚ್ ಆಫ್ ಇದ್ರೆ ರಾತ್ರಿ ಆ ಸಾಲಿನ ಎಲ್ಲರಿಗೂ ನಿದ್ದೆ.

ಹೋಗುವ ಮೊದಲು ತಾಂಡೇಲರಿಗೆ ಒಂದು ಕೆಲಸ ಕಲಿಸಿದೆ. ಎಂಜಿನ್ ಶುರು ಮಾಡಿ ಎಲ್ಲ ಲೋಡ್ ಹಾಕಿ ಅರ್ಧ ಗಂಟೆ ಬಿಡುವುದು. ಮತ್ತೆ ಬೋರ್ಡ್ ತೆಗೆದು ಫ್ಯೂಸಿನ ಬುಡ, ಲಗ್ಗು, ವೈರಿನ ತುದಿ ಒಂದೊಂದನ್ನೂ ಹಿಂಗೈಯಿಂದ ಮುಟ್ಟುವುದು, ಒಂದು ಜಾಗ ಬೇರೆಯದಕ್ಕಿಂತ ಬಿಸಿ ಇದ್ರೆ ಅಲ್ಲಿ ತೊಂದರೆ. ಮತ್ತೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಉದ್ದ ವೈರ್ ಸೇರಿಸಿದ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೇ, ಲಗ್ಗಿಗಲ್ಲ ಕಂಬಕ್ಕೆ, ಇನ್ನೊಂದು ಕ್ಯಾಬಿನ್ನಿನ ಪ್ಲಸ್ ಬಸ್ ಬಾರಿಗೆ. ಮೈನಸ್ಸಿಗೂ ಹಾಗೆಯೇ. ಬಂದ ನಂಬರನ್ನು ಬೋರ್ಡಿನ ಬಾಗಿಲಿನ ಒಳಗಡೆ ತಾರೀಕು ಹಾಕಿ ಪೆನ್ಸಿಲಿನಲ್ಲಿ ಬರೆಯುವುದು. ಮೀಟರ್ 600 ರೂಪಾಯಿಯದ್ದು, ನನ್ನ ಹಳೇದನ್ನೇ ಕೊಟ್ಟೆ.

ಜನವರಿಯಲ್ಲಿ ಬೇರೆ ಕೆಲಸಕ್ಕೆ ಆ ಬೋಟಿಗೆ ಹತ್ತಿದಾಗ ಬಾಗಿಲು ತೆಗೆದು ನೋಡಿದೆ. ತಾಂಡೇಲರ ಮಗಳ ದುಂಡು ಅಕ್ಷರದಲ್ಲಿ ಸಾಲಾಗಿ ಬರೆದಿತ್ತು, ಪ್ಲಸ್ 0.31, ಮೈನಸ್ 0.29, ಮತ್ತಿನ ತಿಂಗಳು 0.31, 0.30, ಅದರ ಮುಂದಿನದ್ದು 0.31, 0.44. ಮೈನಸ್ಸಿನ 0.44ಕ್ಕೆ ಒಂದು ವೃತ್ತ ಹಾಕಿದ್ರು, ಪಕ್ಕದಲ್ಲಿ "ಬ್ಯಾಟರಿ ಮೈನಸ್ ಲಗ್ ಸಡಿಲ, ಟೈಟ್ ಮಾಡಿದ್ದು" ಅಂತ ಇತ್ತು. ಅದರ ಕೆಳಗಿನ ಸಾಲು ಮತ್ತೆ 0.30.